ನೆಲ ಬೇಕು, ಜನ ಬೇಡ: 1898ರ ಅಮೆರಿಕ ಬಗೆಹರಿಸದೆ ಬಿಟ್ಟ ಪ್ರಶ್ನೆ

2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧ್ಯಕ್ಷರಾದ ದಿನ ಸಹಿ ಹಾಕಿದ ಆದೇಶಗಳ ರಾಶಿಯಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದರಿಂದ ಅಲಾಸ್ಕಾದ ಡೆನಾಲಿ ಪರ್ವತಕ್ಕೆ ವಿಲಿಯಂ ಮೆಕಿನ್ಲಿಯ ಹೆಸರು ಮರಳಿತು. ಇನ್ನೊಂದರ ಪ್ರಕಾರ, ತಾತ್ಕಾಲಿಕ ವೀಸಾದ ಮೇಲಿರುವ ಅಥವಾ ದಾಖಲೆಗಳಿಲ್ಲದೆ ನೆಲೆಸಿರುವ ತಾಯಿಗೆ ಅಮೆರಿಕದಲ್ಲಿ ಮಗು ಹುಟ್ಟಿದರೆ, ತಂದೆಯೂ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಹೊಂದಿದವನೋ ಅಲ್ಲದಿದ್ದರೆ, ಆ ಮಗುವಿಗೆ ಪೌರತ್ವವಿಲ್ಲ. ಮೊದಲನೆಯದು ಬರೀ ಹೆಸರಿನ ಗಲಾಟೆಯಂತೆ ಕಂಡಿತು. ಎರಡನೆಯದು ನೇರವಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಿಗೆ ಬಂದು ತಟ್ಟಿತು. ಎಚ್-1ಬಿ ವೀಸಾದಲ್ಲಿ ಡಲ್ಲಾಸಿನಲ್ಲೋ ಸಿಯಾಟಲ್‌ನಲ್ಲೋ ಇರುವ ಮಗ-ಸೊಸೆಗೆ ಹುಟ್ಟಲಿರುವ ಕೂಸು ಯಾವ ದೇಶದ್ದು ಎಂಬ ಪ್ರಶ್ನೆ ಅದು.

ಎರಡೂ ಆದೇಶಗಳ ಬೇರು ಒಂದೇ ಕಾಲಕ್ಕೆ ಸೇರಿದ್ದು. ಮೆಕಿನ್ಲಿ ಅಧ್ಯಕ್ಷನಾಗಿದ್ದುದು 1897ರಿಂದ 1901ರವರೆಗೆ. ಆ ನಾಲ್ಕೂವರೆ ವರ್ಷಗಳಲ್ಲಿ ಅಮೆರಿಕ ಹವಾಯಿ, ಪೋರ್ಟೊರಿಕೊ, ಗುವಾಮ್, ಫಿಲಿಪ್ಪೀನ್ಸ್ ಮತ್ತು ಸಮೋವಾದ ಪೂರ್ವ ಭಾಗವನ್ನು ತನ್ನದಾಗಿಸಿಕೊಂಡಿತು. ಅಮೆರಿಕದಲ್ಲಿ ಹುಟ್ಟಿದವರೆಲ್ಲ ಅಮೆರಿಕದ ಪ್ರಜೆಗಳು ಎಂದು ಸುಪ್ರೀಂ ಕೋರ್ಟ್ ಖಚಿತಪಡಿಸಿದ ತೀರ್ಪು ಬಂದಿದ್ದೂ ಆಗಲೇ, 1898ರ ಮಾರ್ಚ್ 28ರಂದು, ಸ್ಪೇನ್ ಮೇಲಿನ ಯುದ್ಧಕ್ಕೆ ನಾಲ್ಕು ವಾರ ಮೊದಲು. ದೇಶದೊಳಗೆ ಕಪ್ಪು ಜನರ ಮತದಾನದ ಹಕ್ಕನ್ನು ಕಾಗದಪತ್ರಗಳ ಮೂಲಕವೇ ಕಿತ್ತುಕೊಂಡಿದ್ದೂ ಅದೇ ವರ್ಷಗಳಲ್ಲಿ. ಶಾಲೆಯ ಪಠ್ಯಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುತ್ತವೆ: ಒಂದು ವಿದೇಶಾಂಗ ನೀತಿ, ಇನ್ನೊಂದು ದಕ್ಷಿಣದ ಜನಾಂಗೀಯತೆ, ಮತ್ತೊಂದು ವಲಸೆ ಕಾನೂನು. ಆದರೆ ಆ ಕಾಲದ ಸೆನೆಟ್ ಚರ್ಚೆಗಳಲ್ಲಿ ಈ ಮೂರಕ್ಕೂ ನಡುವೆ ಗೋಡೆಯೇ ಇರಲಿಲ್ಲ.

ಟ್ರಂಪ್ ಮೆಕಿನ್ಲಿಯನ್ನು ಹೊಗಳುವುದು ಸುಂಕದ ಕಾರಣಕ್ಕೆ. ಸುಂಕದಿಂದ ದೇಶವನ್ನು ಶ್ರೀಮಂತಗೊಳಿಸಿದವನು ಎಂದು ಪದಗ್ರಹಣದ ಭಾಷಣದಲ್ಲೇ ಹೇಳಿದರು. ಹಾಗಾಗಿ ಸುಂಕದಿಂದಲೇ ಶುರುಮಾಡೋಣ. 1890ರಲ್ಲಿ ಮೆಕಿನ್ಲಿ ಇನ್ನೂ ಸಂಸದ. ಅವನ ಹೆಸರಿನ ಸುಂಕ ಕಾಯ್ದೆ ಆಮದು ಸರಕುಗಳ ಮೇಲಿನ ತೆರಿಗೆಯನ್ನು ಸರಾಸರಿ ಶೇ 50ರ ಹತ್ತಿರಕ್ಕೆ ಒಯ್ದಿತು. ಆದರೆ ಕಚ್ಚಾ ಸಕ್ಕರೆಯನ್ನು ಮಾತ್ರ ಸುಂಕದಿಂದ ಮುಕ್ತಗೊಳಿಸಿ, ದೇಶದೊಳಗಿನ ಸಕ್ಕರೆ ಉತ್ಪಾದಕರಿಗೆ ಪೌಂಡಿಗೆ 2 ಸೆಂಟ್ ಸಹಾಯಧನ ಕೊಟ್ಟಿತು. ಇದರ ಪೆಟ್ಟು ಬಿದ್ದಿದ್ದು ಹವಾಯಿಗೆ. 1875ರ ಒಪ್ಪಂದದ ಬಲದಿಂದ ಹವಾಯಿಯ ಸಕ್ಕರೆ ಮಾತ್ರ ಅಮೆರಿಕದ ಮಾರುಕಟ್ಟೆಗೆ ಸುಂಕವಿಲ್ಲದೆ ಹೋಗುತ್ತಿತ್ತು; ಈಗ ಎಲ್ಲರ ಸಕ್ಕರೆಯೂ ಹಾಗೇ ಹೋಗತೊಡಗಿ ಅದರ ಅನುಕೂಲ ಕರಗಿತು. ಅಮೆರಿಕದ ಒಳಗೇ ಸೇರಿಬಿಟ್ಟರೆ ಆ 2 ಸೆಂಟ್ ತಮಗೂ ಸಿಗುತ್ತದಲ್ಲ ಎಂಬ ಲೆಕ್ಕ ಅಲ್ಲಿನ ಕೆಲವು ಬಿಳಿಯ ತೋಟದ ಮಾಲೀಕರ ತಲೆಯಲ್ಲಿ ಮೂಡಿತು. 1893ರ ಜನವರಿಯಲ್ಲಿ ಅಮೆರಿಕದ ಯುದ್ಧನೌಕೆಯಿಂದ ಇಳಿದ ಸೈನಿಕರ ನೆರಳಿನಲ್ಲಿ ರಾಣಿ ಲಿಲಿಯೂಕಲಾನಿಯನ್ನು ಗದ್ದುಗೆಯಿಂದ ಇಳಿಸಲಾಯಿತು. ಸಕ್ಕರೆಯೊಂದೇ ಕಾರಣವಲ್ಲ; ರಾಣಿ ತರಹೊರಟಿದ್ದ ಹೊಸ ಸಂವಿಧಾನ, ಪೆಸಿಫಿಕ್‌ನಲ್ಲಿ ನೌಕಾನೆಲೆಯ ಆಸೆ, ಜಪಾನಿನ ಭಯ ಎಲ್ಲವೂ ಇದ್ದವು. ಆದರೂ ಸುಂಕ ಮತ್ತು ವಿಸ್ತರಣೆ ಜೊತೆಜೊತೆಯಾಗಿ ನಡೆದದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಕಡಿಮೆ.

ಹವಾಯಿಯನ್ನು ಸೇರಿಸಿಕೊಳ್ಳುವ ಒಪ್ಪಂದಕ್ಕೆ ಸೆನೆಟ್ಟಿನಲ್ಲಿ ಮೂರನೇ ಎರಡರಷ್ಟು ಬೆಂಬಲ ಎಂದೂ ಸಿಗಲಿಲ್ಲ. 1897ರಲ್ಲಿ 21,000ಕ್ಕೂ ಹೆಚ್ಚು ಹವಾಯಿ ಮೂಲನಿವಾಸಿಗಳು ಸಹಿ ಹಾಕಿ ವಿರೋಧದ ಮನವಿ ಕಳಿಸಿದ್ದರು. ಕೊನೆಗೆ 1898ರ ಜುಲೈಯಲ್ಲಿ, ಯುದ್ಧದ ಬಿಸಿಯಲ್ಲಿ, ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯದ ಮೂಲಕ ಕೆಲಸ ಮುಗಿಸಿದರು. ಆ ನಿರ್ಣಯದಲ್ಲಿ ಒಂದು ಸಾಲಿದೆ, ಹೆಚ್ಚಿನವರು ಗಮನಿಸುವುದಿಲ್ಲ: ಇನ್ನು ಮುಂದೆ ಚೀನೀಯರು ಹವಾಯಿಗೆ ವಲಸೆ ಬರುವಂತಿಲ್ಲ, ಈಗಾಗಲೇ ಹವಾಯಿಯಲ್ಲಿರುವ ಚೀನೀಯರು ಅಮೆರಿಕದ ಮುಖ್ಯನೆಲಕ್ಕೆ ಕಾಲಿಡುವಂತಿಲ್ಲ. ದ್ವೀಪ ದೇಶದೊಳಗೆ ಬಂತು, ದ್ವೀಪದ ಜನರಲ್ಲಿ ಒಂದು ಭಾಗ ಹೊರಗೇ ಉಳಿಯಿತು. ಮುಂದೆ ನಡೆದದ್ದೆಲ್ಲ ಇದೇ ಮಾದರಿಯಲ್ಲಿ.

ಯುದ್ಧದ ಕತೆಯನ್ನು ಬೇಗ ಮುಗಿಸಬಹುದು, ಏಕೆಂದರೆ ಯುದ್ಧವೇ ಬೇಗ ಮುಗಿಯಿತು. 1898ರ ಫೆಬ್ರವರಿ 15ರಂದು ಸ್ಪೇನಿನ ವಶದಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ಎಂಬ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ನಾವಿಕರು ಸತ್ತರು. ಏಪ್ರಿಲ್‌ನಲ್ಲಿ ಯುದ್ಧ ಘೋಷಣೆ, ಮೇ 1ರಂದು ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ನೌಕಾಪಡೆ ನಿರ್ನಾಮ, ಆಗಸ್ಟ್‌ನಲ್ಲಿ ಕದನ ವಿರಾಮ, ಡಿಸೆಂಬರ್ 10ರಂದು ಪ್ಯಾರಿಸ್ ಒಪ್ಪಂದ. ಕ್ಯೂಬಾದ ಮೇಲಿನ ಹಕ್ಕನ್ನು ಸ್ಪೇನ್ ಬಿಟ್ಟಿತು. ಪೋರ್ಟೊರಿಕೊ, ಗುವಾಮ್ ಅಮೆರಿಕಕ್ಕೆ ಸೇರಿದವು. ಫಿಲಿಪ್ಪೀನ್ಸ್‌ಗೆ 2 ಕೋಟಿ ಡಾಲರ್ ಕೊಟ್ಟರು. ಫಿಲಿಪ್ಪೀನ್ಸ್ ಜನ ಜೂನ್ 12ರಂದೇ ಎಮಿಲಿಯೊ ಅಗಿನಾಲ್ಡೊ ನೇತೃತ್ವದಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. ಪ್ಯಾರಿಸ್ಸಿನ ಮಾತುಕತೆಯಲ್ಲಿ ಅವರಿಗೆ ಕುರ್ಚಿಯೇ ಇರಲಿಲ್ಲ.

ಒಪ್ಪಂದದ 9ನೇ ವಿಧಿಯನ್ನು ನಿಧಾನವಾಗಿ ಓದಬೇಕು. ಅಲ್ಲಿಯವರೆಗೆ ಅಮೆರಿಕ ನೆಲ ಕೊಂಡಾಗಲೆಲ್ಲ, ಅಂದರೆ 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನವನ್ನು, 1848ರಲ್ಲಿ ಮೆಕ್ಸಿಕೊದ ಉತ್ತರ ಭಾಗವನ್ನು, 1867ರಲ್ಲಿ ರಷ್ಯಾದಿಂದ ಅಲಾಸ್ಕಾವನ್ನು ಪಡೆದಾಗ, ಅಲ್ಲಿನ ನಿವಾಸಿಗಳಿಗೆ ಪೌರತ್ವದ ಭರವಸೆ ಒಪ್ಪಂದದಲ್ಲೇ ಇತ್ತು. ಮೂಲನಿವಾಸಿ ಬುಡಕಟ್ಟುಗಳಿಗೆ ಆ ಭಾಗ್ಯ ಇರಲಿಲ್ಲ, ಅದು ಬೇರೆ ಮಾತು. 1898ರಲ್ಲಿ ಮಾತ್ರ ಬರೆದದ್ದು ಹೀಗೆ: ಈ ದ್ವೀಪಗಳ ಸ್ಥಳೀಯ ನಿವಾಸಿಗಳ ನಾಗರಿಕ ಹಕ್ಕು ಮತ್ತು ರಾಜಕೀಯ ಸ್ಥಾನಮಾನವನ್ನು ಅಮೆರಿಕದ ಕಾಂಗ್ರೆಸ್ ನಿರ್ಧರಿಸುತ್ತದೆ. ಯಾವಾಗ, ಹೇಗೆ ಎಂದು ಇಲ್ಲ. ಭರವಸೆ ಇಲ್ಲ.

ಈ ಒಪ್ಪಂದ ಸೆನೆಟ್ ಮುಂದೆ ಬಂದಾಗ ವಿರೋಧಿಸಿದವರು ಯಾರು? ಇಂದಿನ ನಮ್ಮ ಕಣ್ಣಿಗೆ, ಸಾಮ್ರಾಜ್ಯಶಾಹಿಯನ್ನು ವಿರೋಧಿಸಿದವರೆಲ್ಲ ಒಳ್ಳೆಯವರ ಸಾಲಿನಲ್ಲಿ ನಿಲ್ಲಬೇಕು. ಆದರೆ ಹಾಗಿಲ್ಲ. ಬಾಸ್ಟನ್ನಿನಲ್ಲಿ ಹುಟ್ಟಿದ ಸಾಮ್ರಾಜ್ಯಶಾಹಿ ವಿರೋಧಿ ಕೂಟದಲ್ಲಿ ವಿಚಿತ್ರವಾದ ಗುಂಪು ಕೂಡಿತ್ತು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಇದ್ದ. ಆ 2 ಕೋಟಿ ಡಾಲರ್ ತಾನೇ ಕೊಡುತ್ತೇನೆ, ಫಿಲಿಪ್ಪೀನ್ಸ್ ಅನ್ನು ಬಿಟ್ಟುಬಿಡಿ ಎಂದಿದ್ದ. ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್ ಇದ್ದ. ಅಗ್ಗದ ಏಷ್ಯನ್ ಕೂಲಿಗಳು ಬಂದು ತನ್ನ ಸಂಘದವರ ಅನ್ನ ಕಸಿಯುತ್ತಾರೆ ಎಂಬ ಭಯ ಅವನದು. ಮಾರ್ಕ್ ಟ್ವೇನ್ ಇದ್ದ. ವಕೀಲ ಮೂರ್‌ಫೀಲ್ಡ್ ಸ್ಟೋರಿ ಇದ್ದ. ಮುಂದೆ ಕಪ್ಪು ಜನರ ಹಕ್ಕುಗಳ ಪ್ರಮುಖ ಸಂಘಟನೆ ಎನ್‌ಎಎಸಿಪಿಯ ಮೊದಲ ಅಧ್ಯಕ್ಷನಾದವನು ಇವನೇ. ಕೂಟದ ಹೊರಗೆ, ಸೆನೆಟ್ಟಿನ ಒಳಗೆ, ಇದೇ ಪಾಳಯದಲ್ಲಿ ಗುಡುಗುತ್ತಿದ್ದವನು ದಕ್ಷಿಣ ಕೆರೊಲಿನಾದ ಬೆನ್ ಟಿಲ್‌ಮನ್.

ಟಿಲ್‌ಮನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಕಪ್ಪು ಜನರ ಮತ ತಡೆಯಲು ಹಿಂಸೆ ಬಳಸಿದ್ದನ್ನು ಸೆನೆಟ್ಟಿನಲ್ಲಿ ನಿಂತು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮನುಷ್ಯ. ಅವನ ವಾದ ಸರಳ: ಬಣ್ಣದ ಜನರನ್ನು ಜೊತೆಗಿಟ್ಟುಕೊಂಡು ಬಾಳುವ ಕಷ್ಟ ದಕ್ಷಿಣದವರಾದ ನಮಗೆ ಗೊತ್ತು, ಇನ್ನಷ್ಟು ಲಕ್ಷ ಜನರನ್ನು ಯಾಕೆ ತಲೆಗೆ ಕಟ್ಟಿಕೊಳ್ಳುತ್ತೀರಿ? ಇದರ ಹಿಂದೆಯೇ ಇನ್ನೊಂದು ಚುಚ್ಚುಮಾತು ಬರುತ್ತಿತ್ತು. ಫಿಲಿಪ್ಪೀನ್ಸ್ ಜನರನ್ನು ಅವರ ಒಪ್ಪಿಗೆಯಿಲ್ಲದೆ ಆಳಬಹುದು ಎಂದು ಉತ್ತರದ ರಿಪಬ್ಲಿಕನ್ನರಾದ ನೀವು ಹೇಳುತ್ತಿದ್ದೀರಿ. ಹಾಗಿದ್ದರೆ ದಕ್ಷಿಣ ಕೆರೊಲಿನಾದಲ್ಲಿ ನಾವು ಮಾಡುತ್ತಿರುವುದರಲ್ಲಿ ತಪ್ಪೇನು? ಅಟ್ಲಾಂಟಿಕ್ ಮಾಸಪತ್ರಿಕೆ ಕೂಡ 1901ರಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿತು: ಬಲಿಷ್ಠ ಜನಾಂಗ ಭೂಗೋಳದ ಆ ತುದಿಯಲ್ಲಿ ತನ್ನ ಇಚ್ಛೆ ಹೇರಬಹುದಾದರೆ ಮಿಸಿಸಿಪ್ಪಿಯಲ್ಲಿ ಯಾಕೆ ಹೇರಬಾರದು?

ರಿಪಬ್ಲಿಕನ್ನರ ಬಳಿ ಉತ್ತರವಿರಲಿಲ್ಲ. ಅದಕ್ಕೆ ಹೆನ್ರಿ ಕ್ಯಾಬಟ್ ಲಾಡ್ಜ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮ್ಯಾಸಚೂಸೆಟ್ಸಿನ ಈ ರಿಪಬ್ಲಿಕನ್ ನಾಯಕ 1890ರಲ್ಲಿ ದಕ್ಷಿಣದ ಚುನಾವಣೆಗಳ ಮೇಲೆ ಕೇಂದ್ರದ ನಿಗಾ ಇಡುವ ಮಸೂದೆ ತಂದಿದ್ದ. ಕಪ್ಪು ಜನರ ಮತವನ್ನು ಕಾಯುವ ಕೊನೆಯ ಗಂಭೀರ ಪ್ರಯತ್ನ ಅದು. ಕೆಳಮನೆಯಲ್ಲಿ ಗೆದ್ದು ಸೆನೆಟ್ಟಿನಲ್ಲಿ ಬಿತ್ತು. ಇಂಥ ಇನ್ನೊಂದು ಪ್ರಯತ್ನಕ್ಕೆ ಅಮೆರಿಕ ಅರ್ಧ ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು. ಅದೇ ಲಾಡ್ಜ್ ಒಂಬತ್ತು ವರ್ಷಗಳ ಬಳಿಕ ಸೆನೆಟ್ಟಿನಲ್ಲಿ ಪ್ಯಾರಿಸ್ ಒಪ್ಪಂದವನ್ನು ದಡ ಮುಟ್ಟಿಸಿದ. ಆಳಿಸಿಕೊಳ್ಳುವವರ ಒಪ್ಪಿಗೆ ಬೇಕು ಎಂಬ ಸ್ವಾತಂತ್ರ್ಯ ಘೋಷಣೆಯ ಸಾಲಿಗೆ ವಿಸ್ತರಣಾವಾದಿಗಳೇ ಮಿತಿ ಹಾಕತೊಡಗಿದರು. ಇಂಡಿಯಾನಾದ ಆಲ್ಬರ್ಟ್ ಬೆವರಿಜ್ 1898ರ ಸೆಪ್ಟೆಂಬರ್‌ನಲ್ಲೇ ಹೇಳಿಬಿಟ್ಟಿದ್ದ: ಆ ನಿಯಮ ಸ್ವಯಮಾಡಳಿತಕ್ಕೆ ಯೋಗ್ಯರಾದವರಿಗೆ ಮಾತ್ರ, ನಾವು ರೆಡ್ ಇಂಡಿಯನ್ನರನ್ನು ಅವರ ಒಪ್ಪಿಗೆಯಿಲ್ಲದೆ ಆಳುತ್ತೇವೆ, ನಮ್ಮ ಮಕ್ಕಳನ್ನೂ ಹಾಗೇ ಆಳುತ್ತೇವೆ. ಮಾತು ನಿರ್ಲಜ್ಜವಾದರೂ ಲೆಕ್ಕ ತಪ್ಪಿರಲಿಲ್ಲ. ಖಂಡದೊಳಗೆ ನೂರು ವರ್ಷ ಮಾಡಿದ್ದನ್ನು ಸಮುದ್ರದಾಚೆ ಮುಂದುವರಿಸುತ್ತಿದ್ದೇವೆ ಎಂಬುದು ಅವನಿಗೆ ಗೊತ್ತಿತ್ತು. ಫಿಲಿಪ್ಪೀನ್ಸಿಗೆ ಹೋದ ಜನರಲ್‌ಗಳಲ್ಲಿ ಹೆಚ್ಚಿನವರು ಪಶ್ಚಿಮದ ಬಯಲುಗಳಲ್ಲಿ ಮೂಲನಿವಾಸಿಗಳ ವಿರುದ್ಧ ಕಾದಿ ಬಂದವರೇ.

ಈಗ ದೇಶದೊಳಕ್ಕೆ ಬರೋಣ. ಲೂಸಿಯಾನ ರಾಜ್ಯ 1898ರಲ್ಲಿ ಹೊಸ ಸಂವಿಧಾನ ಬರೆಯಿತು. ಮತ ಹಾಕಲು ಅಕ್ಷರ ಬರಬೇಕು ಇಲ್ಲವೇ ಆಸ್ತಿ ಇರಬೇಕು; ಆದರೆ ನಿಮ್ಮ ಅಪ್ಪನೋ ಅಜ್ಜನೋ 1867ರ ಆರಂಭಕ್ಕೆ ಮುಂಚೆ ಮತದಾರರಾಗಿದ್ದರೆ ನಿಮಗೆ ಈ ಪರೀಕ್ಷೆ ಇಲ್ಲ. ಆ ದಿನಾಂಕಕ್ಕೆ ಅಲ್ಲಿ ಕಪ್ಪು ಜನರಿಗೆ ಮತವೇ ಇರಲಿಲ್ಲ. ಚರ್ಮದ ಬಣ್ಣದ ಹೆಸರೆತ್ತದೆ ಬಣ್ಣವನ್ನು ಸೋಸುವ ಜರಡಿ ಸಿದ್ಧವಾಯಿತು. 1896ರಲ್ಲಿ ಸುಮಾರು 1,30,000 ಇದ್ದ ಕಪ್ಪು ಮತದಾರರ ಸಂಖ್ಯೆ 1900ಕ್ಕೆ 5,000ದ ಆಸುಪಾಸಿಗೆ ಇಳಿಯಿತು. ಮಿಸಿಸಿಪ್ಪಿಯ ಇದೇ ಬಗೆಯ ಅಕ್ಷರ ಪರೀಕ್ಷೆ ಮತ್ತು ತಲೆಗಂದಾಯವನ್ನು ಸುಪ್ರೀಂ ಕೋರ್ಟ್ 1898ರಲ್ಲಿ ಎತ್ತಿಹಿಡಿದಿತ್ತು.

ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ನಿನಲ್ಲಿ ಜರಡಿಗೂ ಕಾಯಲಿಲ್ಲ. ಅದೇ ನವೆಂಬರ್ 10ರಂದು ಶಸ್ತ್ರಸಜ್ಜಿತ ಬಿಳಿಯರ ಗುಂಪು ಕಪ್ಪು ಸಂಪಾದಕನೊಬ್ಬನ ಪತ್ರಿಕಾ ಕಚೇರಿಯನ್ನು ಸುಟ್ಟು, ಬೀದಿಗಳಲ್ಲಿ ಜನರನ್ನು ಕೊಂದು, ಕಪ್ಪು ಮತ್ತು ಬಿಳಿಯ ಸದಸ್ಯರಿಬ್ಬರೂ ಇದ್ದ ಚುನಾಯಿತ ನಗರಾಡಳಿತವನ್ನು ಬಲವಂತದಿಂದ ರಾಜೀನಾಮೆ ಕೊಡಿಸಿತು. ಸತ್ತವರ ಲೆಕ್ಕ ಹದಿನಾಲ್ಕರಿಂದ ಅರವತ್ತು, ಅದಕ್ಕೂ ಹೆಚ್ಚು ಎಂದು ಬೇರೆ ಬೇರೆ ಅಂದಾಜುಗಳಿವೆ. ಗುಂಪಿನ ನಾಯಕ ಆಲ್ಫ್ರೆಡ್ ವಾಡೆಲ್ ಅಂದೇ ಮೇಯರ್ ಆದ. ಕ್ಯೂಬಾದ ಜನರಿಗೆ ಸ್ಪೇನಿನ ದಬ್ಬಾಳಿಕೆಯಿಂದ ಬಿಡುಗಡೆ ಕೊಡಿಸಲು ಸೇನೆ ಕಳಿಸಿದ್ದ ಅಧ್ಯಕ್ಷ ವಿಲ್ಮಿಂಗ್ಟನ್ನಿಗೆ ಒಬ್ಬ ಪೇದೆಯನ್ನೂ ಕಳಿಸಲಿಲ್ಲ, ಬಹಿರಂಗವಾಗಿ ಒಂದು ಮಾತೂ ಆಡಲಿಲ್ಲ. ತಿಂಗಳು ಕಳೆದ ಮೇಲೆ, ಡಿಸೆಂಬರ್ 14ರಂದು, ಮೆಕಿನ್ಲಿ ದಕ್ಷಿಣಕ್ಕೆ ಹೋದ. ಅಟ್ಲಾಂಟಾದಲ್ಲಿ ನಿಂತು, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಕಾದಿ ಸತ್ತ ದಕ್ಷಿಣದ ಸೈನಿಕರ ಸಮಾಧಿಗಳನ್ನು ಇನ್ನು ಮುಂದೆ ಕೇಂದ್ರ ಸರ್ಕಾರವೂ ನೋಡಿಕೊಳ್ಳಬೇಕು ಎಂದ. ಅಂತರ್ಯುದ್ಧದಲ್ಲಿ ಉತ್ತರದ ಪಡೆಯಲ್ಲಿ ಮೇಜರ್ ಆಗಿದ್ದವನ ಬಾಯಲ್ಲಿ ಈ ಮಾತು. ಸ್ಪೇನ್ ಯುದ್ಧಕ್ಕೆ ಅವನು ಜನರಲ್‌ಗಳನ್ನಾಗಿ ನೇಮಿಸಿದವರಲ್ಲಿ ಜೋಸೆಫ್ ವೀಲರ್, ಫಿಟ್ಸ್‌ಹ್ಯೂ ಲೀ ಎಂಬ ಹಳೆಯ ದಕ್ಷಿಣದ ಸೇನಾನಿಗಳೂ ಇದ್ದರು. ಉತ್ತರ ಮತ್ತು ದಕ್ಷಿಣದ ಬಿಳಿಯರು ಒಂದೇ ಬಾವುಟದಡಿ ಮತ್ತೆ ಒಂದಾದರು ಎಂದು ಪತ್ರಿಕೆಗಳು ಸಂಭ್ರಮಿಸಿದವು. ಆ ರಾಜಿಯ ಬೆಲೆ ಕೊಟ್ಟವರು ಯಾರು ಎಂಬುದು ವಿಲ್ಮಿಂಗ್ಟನ್ನಿನ ಕಪ್ಪು ಕುಟುಂಬಗಳಿಗೆ ಗೊತ್ತಿತ್ತು.

ಅದೇ ಅಕ್ಟೋಬರ್‌ನಲ್ಲಿ ಷಿಕಾಗೊದ ವಿಜಯೋತ್ಸವದಲ್ಲಿ ಅಧ್ಯಕ್ಷನ ಎದುರೇ ಬೂಕರ್ ಟಿ. ವಾಷಿಂಗ್ಟನ್ ಎಚ್ಚರಿಸಿದ್ದ: ಜನಾಂಗ ದ್ವೇಷವೆಂಬ ಕ್ಯಾನ್ಸರ್ ಗಣರಾಜ್ಯದ ಎದೆಯನ್ನು ತಿನ್ನುತ್ತಿದೆ. ಸೌಮ್ಯವಾದಿ ಎಂದೇ ಹೆಸರಾಗಿದ್ದ ಕಪ್ಪು ಜನರ ನಾಯಕ ಅವನು. ಅವನೇ ಇಷ್ಟು ಹೇಳಬೇಕಾಗಿ ಬಂದಿತ್ತು.

ಪ್ಯಾರಿಸ್ ಒಪ್ಪಂದದ ಮೇಲೆ ಸೆನೆಟ್ಟಿನಲ್ಲಿ 1899ರ ಫೆಬ್ರವರಿ 6ರಂದು ಮತದಾನ ನಡೆಯಿತು. 57ಕ್ಕೆ 27, ಬೇಕಿದ್ದ ಮೂರನೇ ಎರಡಕ್ಕಿಂತ ಒಂದೇ ಮತ ಹೆಚ್ಚು. ಎರಡು ದಿನ ಮೊದಲು ಮನಿಲಾದ ಹೊರವಲಯದಲ್ಲಿ ಅಮೆರಿಕದ ಕಾವಲು ಪಡೆಗೂ ಫಿಲಿಪ್ಪೀನ್ಸ್ ಸೈನಿಕರಿಗೂ ಗುಂಡಿನ ಚಕಮಕಿ ಶುರುವಾಗಿತ್ತು. ಎಂಟು ದಿನಗಳ ಬಳಿಕ ಸೆನೆಟ್ ಇನ್ನೊಂದು ನಿರ್ಣಯವನ್ನು 26–22ರಿಂದ ಅಂಗೀಕರಿಸಿತು: ಒಪ್ಪಂದಕ್ಕೆ ಒಪ್ಪಿದ ಮಾತ್ರಕ್ಕೆ ಫಿಲಿಪ್ಪೀನ್ಸ್ ನಿವಾಸಿಗಳನ್ನು ಅಮೆರಿಕದ ಪ್ರಜೆಗಳನ್ನಾಗಿ ಸೇರಿಸಿಕೊಳ್ಳುವ ಉದ್ದೇಶವಿಲ್ಲ, ಆ ದ್ವೀಪಗಳನ್ನು ಶಾಶ್ವತವಾಗಿ ದೇಶದೊಳಗೆ ಬೆಸೆಯುವ ಉದ್ದೇಶವೂ ಇಲ್ಲ. ಮಂಡಿಸಿದವನು ಸ್ಯಾಮ್ಯುಯೆಲ್ ಮೆಕೆನರಿ. ಅಜ್ಜನ ಷರತ್ತಿನ ಸಂವಿಧಾನ ಬರೆದ ಲೂಸಿಯಾನದ ಸೆನೆಟರ್. ಕೆಳಮನೆ ಅದನ್ನು ಕೈಗೆತ್ತಿಕೊಳ್ಳದ ಕಾರಣ ಕಾನೂನಿನ ಬಲ ಬರಲಿಲ್ಲ, ಆದರೆ ಒಳಮನಸ್ಸು ದಾಖಲೆಗೆ ಸೇರಿತು. ನನ್ನ ಮಟ್ಟಿಗೆ ಇಡೀ ವಿವಾದದ ಗಂಟು ಇಲ್ಲಿದೆ. ವಿಸ್ತರಣಾವಾದಿಗಳೂ ದಕ್ಷಿಣದ ವಿರೋಧಿಗಳೂ ದ್ವೀಪ ತೆಗೆದುಕೊಳ್ಳುವ ಬಗ್ಗೆ ಜಗಳವಾಡಿದರು. ದ್ವೀಪದ ಜನ ತಮ್ಮ ಸಮಾನರಾಗಬಾರದು ಎಂಬುದರಲ್ಲಿ ಅವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ.

ಫಿಲಿಪ್ಪೀನ್ಸ್ ಯುದ್ಧ ಅಧಿಕೃತವಾಗಿ 1902ರ ಜುಲೈ 4ರವರೆಗೆ ಎಳೆಯಿತು. ಅಮೆರಿಕದ 4,200ಕ್ಕೂ ಹೆಚ್ಚು ಸೈನಿಕರು, ಫಿಲಿಪ್ಪೀನ್ಸ್ ಕಡೆಯ 20,000ಕ್ಕೂ ಹೆಚ್ಚು ಹೋರಾಟಗಾರರು ಸತ್ತರು. ಹಿಂಸೆ, ಬರ, ಕಾಲರಾ ಸೇರಿ ಸತ್ತ ನಾಗರಿಕರು 2 ಲಕ್ಷದವರೆಗೆ ಇರಬಹುದು ಎಂಬುದು ಅಮೆರಿಕದ ಸರ್ಕಾರಿ ಇತಿಹಾಸಕಾರರದೇ ಅಂದಾಜು. ಸಮಾರ್ ದ್ವೀಪದಲ್ಲಿ ಹತ್ತು ವರ್ಷ ಮೇಲ್ಪಟ್ಟವರನ್ನೆಲ್ಲ ಕೊಲ್ಲಿ ಎಂದು ಆಜ್ಞೆ ಕೊಟ್ಟ ಜನರಲ್ ಜೇಕಬ್ ಸ್ಮಿತ್‌ಗೆ ಸೇನಾ ವಿಚಾರಣೆಯಲ್ಲಿ ಸಿಕ್ಕಿದ್ದು ಛೀಮಾರಿ, ಆಮೇಲೆ ನಿವೃತ್ತಿ.

ಈ ಸೇನೆಯಲ್ಲಿ ಕಪ್ಪು ಸೈನಿಕರ ಪಡೆಗಳೂ ಇದ್ದವು. ಕ್ಯೂಬಾದ ಸಾನ್ ವಾನ್ ಗುಡ್ಡದ ಕದನದಲ್ಲಿ ಹೋರಾಡಿದ ಪಡೆಗಳನ್ನೇ ಫಿಲಿಪ್ಪೀನ್ಸಿಗೂ ಕಳಿಸಿದರು. ಅಲ್ಲಿ ಅವರ ಕೈಗೆ ಸಿಗುವಂತೆ ಫಿಲಿಪ್ಪೀನ್ಸ್ ಹೋರಾಟಗಾರರು ಕರಪತ್ರ ಹಂಚಿದರು: ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್‌ನನ್ನು ಜೀವಂತ ಸುಟ್ಟವರ ಪರವಾಗಿ ನೀವು ನಮ್ಮ ಮೇಲೆ ಯಾಕೆ ಗುಂಡು ಹಾರಿಸುತ್ತೀರಿ? 1899ರ ಏಪ್ರಿಲ್‌ನಲ್ಲಿ ಜಾರ್ಜಿಯಾದ ಸಣ್ಣ ಊರಿನಲ್ಲಿ ನಡೆದ ಗುಂಪುಹತ್ಯೆಯ ಸುದ್ದಿ ತಿಂಗಳುಗಳಲ್ಲಿ ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ ಕಾಡು ಮುಟ್ಟಿತ್ತು. 24ನೇ ಕಾಲಾಳು ಪಡೆಯ ಡೇವಿಡ್ ಫೇಗನ್ ಅದೇ ನವೆಂಬರ್‌ನಲ್ಲಿ ಪಡೆ ತೊರೆದು ಎದುರು ಪಾಳಯ ಸೇರಿ ಅಲ್ಲಿ ಅಧಿಕಾರಿಯಾದ. ಅಂಥವರು ಬೆರಳೆಣಿಕೆಯಷ್ಟೇ. ಉಳಿದ ಹೆಚ್ಚಿನವರು, ದೇಶಕ್ಕಾಗಿ ಹೋರಾಡಿದರೆ ದೇಶ ತಮ್ಮನ್ನು ಗುರುತಿಸೀತು ಎಂಬ ಆಸೆಯಲ್ಲಿ ಉಳಿದರು. ಗುರುತಿಸಲಿಲ್ಲ. ಕಾಂಗ್ರೆಸ್ಸಿನಲ್ಲಿ ಉಳಿದಿದ್ದ ಏಕೈಕ ಕಪ್ಪು ಸದಸ್ಯ ಜಾರ್ಜ್ ಹೆನ್ರಿ ವೈಟ್ 1901ರಲ್ಲಿ ವಿದಾಯ ಭಾಷಣ ಮಾಡಿ ಹೊರನಡೆದ. ಅಲ್ಲಿಗೆ ಮತ್ತೊಬ್ಬ ಕಪ್ಪು ಸದಸ್ಯ ಬಂದದ್ದು 1929ರಲ್ಲಿ. ದಕ್ಷಿಣದಿಂದ ಗೆದ್ದದ್ದು 1972ರ ಚುನಾವಣೆಯಲ್ಲಿ.

ಇನ್ನು ನ್ಯಾಯಾಲಯ. ರಾಜಕಾರಣಿಗಳ ಇಚ್ಛೆಗೆ ಕಾನೂನಿನ ಬಟ್ಟೆ ತೊಡಿಸಿದ್ದು ಅದೇ, ಮತ್ತು ಆ ಬಟ್ಟೆ ಇನ್ನೂ ಹರಿದಿಲ್ಲ. 1900ರ ಕಾಯ್ದೆಯೊಂದು ಪೋರ್ಟೊರಿಕೊದಿಂದ ಬರುವ ಸರಕಿನ ಮೇಲೆ ಮಾಮೂಲಿ ಸುಂಕದ ಶೇ 15ರಷ್ಟನ್ನು ಹೇರಿತು. ನ್ಯೂಯಾರ್ಕಿನಲ್ಲಿ ಕಿತ್ತಳೆ ಹಣ್ಣು ತರಿಸಿದ ಡೌನ್ಸ್ ಎಂಬ ವರ್ತಕ 659 ಡಾಲರ್ 35 ಸೆಂಟ್ ಸುಂಕ ಕಟ್ಟಿ ಮೊಕದ್ದಮೆ ಹೂಡಿದ: ಸಂವಿಧಾನದ ಪ್ರಕಾರ ಸುಂಕ ದೇಶದಾದ್ಯಂತ ಒಂದೇ ಸಮನಾಗಿರಬೇಕು, ಪೋರ್ಟೊರಿಕೊ ಅಮೆರಿಕದ್ದೇ ಆದಮೇಲೆ ನನ್ನ ಹಣ್ಣಿಗೆ ಸುಂಕ ಹೇಗೆ? ಕಿತ್ತಳೆಯ ಜಗಳದ ಒಳಗೆ ಲಕ್ಷಾಂತರ ಜನರ ಹಣೆಬರಹ ಅಡಗಿತ್ತು. 1901ರ ಮೇ 27ರಂದು ಕೋರ್ಟು 5–4ರಿಂದ ವರ್ತಕನ ವಿರುದ್ಧ ತೀರ್ಪು ಕೊಟ್ಟಿತು. ಪೋರ್ಟೊರಿಕೊ ಅಮೆರಿಕಕ್ಕೆ ಸೇರಿದ್ದು, ಆದರೆ ಸುಂಕದ ಮಟ್ಟಿಗೆ ಅಮೆರಿಕದ ಭಾಗವಲ್ಲ.

ತೀರ್ಪು ಓದಿದ ನ್ಯಾಯಮೂರ್ತಿ ಹೆನ್ರಿ ಬಿಲಿಂಗ್ಸ್ ಬ್ರೌನ್, ಧರ್ಮ, ಪದ್ಧತಿ, ಕಾನೂನು, ಯೋಚನಾಕ್ರಮದಲ್ಲಿ ನಮಗಿಂತ ಬೇರೆಯಾದ ಪರಕೀಯ ಜನಾಂಗಗಳ ಬಗ್ಗೆ ಬರೆದ. ಐದು ವರ್ಷಗಳ ಹಿಂದೆ, ಲೂಸಿಯಾನದ ರೈಲುಗಳಲ್ಲಿ ಕಪ್ಪು ಜನರಿಗೆ ಬೇರೆ ಬೋಗಿ ಇಡುವುದು ಸರಿ ಎಂದು ಪ್ಲೆಸ್ಸಿ ಪ್ರಕರಣದ ತೀರ್ಪು ಬರೆದವನೂ ಇವನೇ. ಮುಂದೆ ಗಟ್ಟಿಯಾಗಿ ನಿಂತದ್ದು ಬ್ರೌನ್‌ನ ವಾದವಲ್ಲ, ಎಡ್ವರ್ಡ್ ಡಗ್ಲಸ್ ವೈಟ್ ಬರೆದ ಸಹಮತದ ಟಿಪ್ಪಣಿ. ಕಾಂಗ್ರೆಸ್ ಮನಸ್ಸು ಮಾಡಿ ಒಂದು ಪ್ರದೇಶವನ್ನು ದೇಶದೊಳಗೆ ಸೇರಿಸಿಕೊಳ್ಳುವವರೆಗೆ ಅಲ್ಲಿ ಸಂವಿಧಾನ ಪೂರ್ತಿಯಾಗಿ ಅನ್ವಯಿಸುವುದಿಲ್ಲ ಎಂದ ಅವನು. ಅದಕ್ಕೆ ಕೊಟ್ಟ ಉದಾಹರಣೆ ನೋಡಿ: ಫಲವತ್ತಾದ ಮಣ್ಣಿರುವ, ವ್ಯಾಪಾರಕ್ಕೂ ರಕ್ಷಣೆಗೂ ಬೇಕಾದ ಒಂದು ದ್ವೀಪ ಸಿಕ್ಕಿತು ಎನ್ನೋಣ, ಅಲ್ಲಿರುವುದು ನಾಗರಿಕರಲ್ಲದ ಜನಾಂಗ, ದ್ವೀಪ ತೆಗೆದುಕೊಂಡ ಕೂಡಲೇ ಅವರೆಲ್ಲ ಪ್ರಜೆಗಳಾಗಿಬಿಡುವುದಾದರೆ ದೇಶ ಅದನ್ನು ಪಡೆಯುವುದಾದರೂ ಹೇಗೆ? ವೈಟ್ ಲೂಸಿಯಾನದವನು. ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಯಲ್ಲಿದ್ದವನು. ಲೂಸಿಯಾನವೇ 1803ರಲ್ಲಿ ಕೊಂಡ ನೆಲ, ಅಲ್ಲಿನವರಿಗೆ ಪೌರತ್ವದ ಭರವಸೆ ಸಿಕ್ಕಿದ್ದ ನೆಲ. ಆ ರಾಜ್ಯದ ರೈಲು ಕಾಯ್ದೆ, ಆ ರಾಜ್ಯದ ಅಜ್ಜನ ಷರತ್ತು, ಆ ರಾಜ್ಯದ ಸೆನೆಟರ್, ಆ ರಾಜ್ಯದ ನ್ಯಾಯಮೂರ್ತಿ. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಎರಡೂ ತೀರ್ಪುಗಳಲ್ಲಿ ಭಿನ್ನಮತ ಬರೆದವನು ಜಾನ್ ಮಾರ್ಷಲ್ ಹಾರ್ಲನ್. ಪ್ಲೆಸ್ಸಿಯಲ್ಲಿ ಒಬ್ಬನೇ ನಿಂತು ಸಂವಿಧಾನಕ್ಕೆ ಬಣ್ಣ ಕಾಣುವುದಿಲ್ಲ ಎಂದ. ಕಿತ್ತಳೆ ಪ್ರಕರಣದಲ್ಲಿ, ಜಗತ್ತಿನ ಎಲ್ಲೆಂದರಲ್ಲಿ ನೆಲ ಗೆದ್ದು ಅಲ್ಲಿನವರಿಗೆ ಕಾಂಗ್ರೆಸ್ ಕೊಟ್ಟಷ್ಟೇ ಹಕ್ಕು ಎನ್ನುವುದು ಸಂವಿಧಾನದ ಆತ್ಮಕ್ಕೇ ವಿರುದ್ಧ ಎಂದ. ಮೂರ್ತಿ ಮಾಡಿ ಪೂಜಿಸೋಣ ಎನ್ನುವಷ್ಟರಲ್ಲಿ ಮೂರನೇ ಪ್ರಕರಣ ಅಡ್ಡ ಬರುತ್ತದೆ. ಅದು ನಮಗೆ ಹತ್ತಿರದ ಪ್ರಕರಣ.

ವಾಂಗ್ ಕಿಮ್ ಆರ್ಕ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ದಂಪತಿಗೆ ಹುಟ್ಟಿದ ಅಡುಗೆಯವ. ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ ಬಂದರಿನ ಅಧಿಕಾರಿ ಇಳಿಯಲು ಬಿಡಲಿಲ್ಲ. ಚೀನೀ ಕೂಲಿಕಾರರ ಪ್ರವೇಶವನ್ನು ಕಾನೂನು 1882ರಿಂದ ನಿಷೇಧಿಸಿತ್ತು. ಚೀನೀಯರು ಅರ್ಜಿ ಹಾಕಿ ಪೌರತ್ವ ಪಡೆಯುವಂತೆಯೂ ಇರಲಿಲ್ಲ. ಆದರೆ ಅಂತರ್ಯುದ್ಧದ ನಂತರ, ಬಿಡುಗಡೆಯಾದ ಗುಲಾಮರಿಗಾಗಿ ತಂದ 1868ರ 14ನೇ ತಿದ್ದುಪಡಿ ಹೇಳುತ್ತದೆ: ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲ ಅದರ ಪ್ರಜೆಗಳು. ಕೋರ್ಟು 6–2ರಿಂದ ವಾಂಗ್ ಪರ ನಿಂತಿತು. ಹಾರ್ಲನ್ ಸೋತ ಇಬ್ಬರಲ್ಲಿ ಒಬ್ಬ. ಬ್ರೌನ್ ಮತ್ತು ವೈಟ್ ಗೆದ್ದ ಕಡೆ! ಪ್ಲೆಸ್ಸಿಯ ಕೋರ್ಟು ಇಷ್ಟು ಉದಾರವಾದದ್ದು ಹೇಗೆ? ತೀರ್ಪಿನಲ್ಲೇ ಸುಳಿವಿದೆ. ವಿದೇಶಿ ತಂದೆತಾಯಿಯ ಮಗು ಪ್ರಜೆಯಲ್ಲ ಎಂದುಬಿಟ್ಟರೆ ಇಂಗ್ಲಿಷ್, ಐರಿಷ್, ಜರ್ಮನ್ ಮೂಲದ ಸಾವಿರಾರು ಜನರ ಪೌರತ್ವವೂ ಹೋಗುತ್ತದೆ ಎಂದು ನ್ಯಾಯಮೂರ್ತಿ ಹೊರೇಸ್ ಗ್ರೇ ಬರೆದ. ಬಿಳಿಯ ವಲಸಿಗರ ಮಕ್ಕಳಿಗೆ ಹಾಸಿದ ಚಾಪೆಯ ಮೇಲೆ ಚೀನೀ ಅಡುಗೆಯವನಿಗೂ ಜಾಗ ಸಿಕ್ಕಿತು.

ಭಾರತೀಯರಿಗೂ ಅಲ್ಲೇ ಜಾಗ ಸಿಕ್ಕಿದ್ದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದ್ದರೂ ಭಾರತೀಯ ಬಿಳಿಯನಲ್ಲ, ಆದ್ದರಿಂದ ಅವನಿಗೆ ಪೌರತ್ವವಿಲ್ಲ ಎಂದಿತು. 1946ರವರೆಗೆ ಭಾರತೀಯ ತಂದೆತಾಯಿ ಅರ್ಜಿ ಹಾಕಲೂ ಅರ್ಹರಲ್ಲ. ಆದರೆ ಅಲ್ಲೇ ಹುಟ್ಟಿದ ಅವರ ಮಕ್ಕಳು ವಾಂಗ್ ತೀರ್ಪಿನ ಬಲದಿಂದ ಪ್ರಜೆಗಳು. ಇಂದು ಅಮೆರಿಕದ ಕನ್ನಡ ಕೂಟಗಳಲ್ಲಿ ಯುಗಾದಿ ಹಾಡಿಗೆ ಕುಣಿಯುವ ಎಷ್ಟೋ ಮಕ್ಕಳ ಪಾಸ್‌ಪೋರ್ಟಿನ ಹಿಂದೆ ಆ ಅಡುಗೆಯವನ ಮೊಕದ್ದಮೆ ಇದೆ. ಗ್ರೀನ್ ಕಾರ್ಡಿನ ಸರತಿ ಭಾರತೀಯರಿಗೆ ದಶಕಗಳಷ್ಟು ಉದ್ದವಿರುವಾಗ, ತಾತ್ಕಾಲಿಕ ವೀಸಾ ಎಂಬುದು ಹೆಸರಿಗಷ್ಟೇ ತಾತ್ಕಾಲಿಕ.

ಟ್ರಂಪ್ ಆದೇಶವನ್ನು ಕೆಳ ನ್ಯಾಯಾಲಯಗಳು ಒಂದಾದಮೇಲೊಂದು ತಡೆದವು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಪಿಕೊಂಡಿತು. ಸರ್ಕಾರದ ವಾದಕ್ಕೆ ಎರಡು ಕಾಲು. ಒಂದು, ವಾಂಗ್‌ನ ತಂದೆತಾಯಿ ಅಲ್ಲಿ ಖಾಯಂ ನೆಲೆಸಿದ್ದರು, ಹಾಗಾಗಿ ಆ ತೀರ್ಪು ತಾತ್ಕಾಲಿಕ ವೀಸಾದವರಿಗೆ ಅನ್ವಯಿಸದು. ಇನ್ನೊಂದು, 1884ರ ಎಲ್ಕ್ ಪ್ರಕರಣ: ಬುಡಕಟ್ಟಿನಲ್ಲಿ ಹುಟ್ಟಿದ ಮೂಲನಿವಾಸಿ ಅಮೆರಿಕದ ಪೂರ್ಣ ಅಧಿಕಾರ ವ್ಯಾಪ್ತಿಗೆ ಒಳಪಟ್ಟವನಲ್ಲ, ಆದ್ದರಿಂದ ಪ್ರಜೆಯಲ್ಲ ಎಂದ ತೀರ್ಪು. ಆ ನೆಲದ ಮೂಲ ಒಡೆಯರನ್ನು ಹೊರಗಿಡಲು ಬಳಸಿದ ತರ್ಕ ಈಗ ಕೊನೆಗೆ ಬಂದವರ ಮಕ್ಕಳನ್ನು ಹೊರಗಿಡಲು ಬಳಕೆಯಾಗುತ್ತಿದೆ. ಇದರಲ್ಲಿರುವ ವ್ಯಂಗ್ಯವನ್ನು ಸರ್ಕಾರದ ವಕೀಲರು ಗಮನಿಸಿದ್ದಾರೋ ಇಲ್ಲವೋ.

ದ್ವೀಪಗಳ ಕತೆ ಬೇರೆ ದಾರಿಯಲ್ಲಿ ಇಲ್ಲಿಗೇ ಬಂದು ಮುಟ್ಟುತ್ತದೆ. ಫಿಲಿಪ್ಪೀನ್ಸಿಗೆ ಸ್ವಾತಂತ್ರ್ಯದ ದಾರಿ ತೆರೆದ 1934ರ ಕಾಯ್ದೆ, ಅಲ್ಲಿಂದ ಅಮೆರಿಕಕ್ಕೆ ಬರುವವರನ್ನು ವರ್ಷಕ್ಕೆ 50 ಜನರಿಗೆ ಇಳಿಸಿತು. ಬಿಡುಗಡೆಯ ಉತ್ಸಾಹದ ಹಿಂದೆ ಬಾಗಿಲು ಮುಚ್ಚುವ ಆತುರವೂ ಇತ್ತು. ಪೋರ್ಟೊರಿಕೊದವರಿಗೆ 1917ರಲ್ಲಿ ಪೌರತ್ವ ಬಂತು, ಆದರೆ ಕಾಂಗ್ರೆಸ್ಸಿನ ಕಾಯ್ದೆಯಿಂದ. ಸುಮಾರು 32 ಲಕ್ಷ ಜನರಿರುವ ಆ ದ್ವೀಪದ ನಿವಾಸಿಗಳು ಇಂದಿಗೂ ಅಧ್ಯಕ್ಷರ ಆಯ್ಕೆಗೆ ಮತ ಹಾಕುವಂತಿಲ್ಲ. ಕೆಳಮನೆಯಲ್ಲಿ ಅವರಿಗಿರುವುದು ಅಂತಿಮ ಮತ ಚಲಾಯಿಸಲಾಗದ ಒಬ್ಬ ಪ್ರತಿನಿಧಿ. ನ್ಯೂಯಾರ್ಕಿನಲ್ಲಿ ಅಂಗವಿಕಲರ ಮಾಸಾಶನ ಪಡೆಯುತ್ತಿದ್ದ ವ್ಯಕ್ತಿ ಪೋರ್ಟೊರಿಕೊಗೆ ಮನೆ ಬದಲಿಸಿದರೆ ಮಾಸಾಶನ ನಿಲ್ಲುತ್ತದೆ. ಅದು ಸಂವಿಧಾನಬದ್ಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ 8–1ರಿಂದ ಹೇಳಿತು. ಆ ತೀರ್ಪಿಗೆ ಸಹಮತ ಬರೆದ ನೀಲ್ ಗೊರ್ಸಚ್, ಟ್ರಂಪ್ ಅವರೇ ನೇಮಿಸಿದ ನ್ಯಾಯಮೂರ್ತಿ, 1901ರ ಆ ತೀರ್ಪುಗಳು ನಾಚಿಕೆಗೇಡು, ಜನಾಂಗೀಯ ಕಟ್ಟುಕತೆಗಳ ಮೇಲೆ ನಿಂತವು, ರದ್ದಾಗಲೇಬೇಕು ಎಂದರು. ಆದರೆ ಆ ಪ್ರಕರಣದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಕೇಳುವ ಪ್ರಕರಣ ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದಾಗ ಕೋರ್ಟು ಕೈಗೆತ್ತಿಕೊಳ್ಳಲಿಲ್ಲ.

ಅದು ಅಮೆರಿಕನ್ ಸಮೋವಾದ ಪ್ರಕರಣ. ಅಲ್ಲಿ ಹುಟ್ಟಿದವರಿಗೆ ಅಮೆರಿಕದ ಪಾಸ್‌ಪೋರ್ಟ್ ಇದೆ, ಸೇನೆಗೆ ಸೇರುತ್ತಾರೆ, ಆದರೆ ಪ್ರಜೆಗಳಲ್ಲ. ಅಲಾಸ್ಕಾದ ವಿಟ್ಟಿಯರ್ ಎಂಬ ಪುಟ್ಟ ಊರಿನಲ್ಲಿ ನೆಲೆಸಿದ ಸಮೋವಾ ಮೂಲದ ಕೆಲವರ ಮೇಲೆ, ಪ್ರಜೆಗಳಲ್ಲದೆ ಮತ ಹಾಕಿದರು ಎಂದು ಇತ್ತೀಚೆಗೆ ಕ್ರಿಮಿನಲ್ ಮೊಕದ್ದಮೆ ಹೂಡಲಾಗಿದೆ. ಹಾಗೆಂದು ಎಲ್ಲ ಸಮೋವನ್ನರೂ ಪೌರತ್ವಕ್ಕೆ ಕೈಚಾಚಿ ನಿಂತಿದ್ದಾರೆ ಎಂದುಕೊಳ್ಳಬೇಡಿ. ಅಮೆರಿಕನ್ ಸಮೋವಾದ ಸರ್ಕಾರವೇ ಪೌರತ್ವ ಕೇಳಿದ 2022ರ ಆ ಪ್ರಕರಣವನ್ನು ವಿರೋಧಿಸಿತು. ಅಲ್ಲಿನ ಜಮೀನು ಬಹುಪಾಲು ಕುಲದ ಸಾಮೂಹಿಕ ಸ್ವತ್ತು; ಹೊರಗಿನವರು ಕೊಳ್ಳದಂತೆ ರಕ್ತಸಂಬಂಧ ನೋಡುವ ಕಾನೂನಿದೆ. ಸಂವಿಧಾನ ಪೂರ್ತಿ ಬಂದರೆ ಆ ಬೇಲಿ ಬೀಳಬಹುದು. ಹವಾಯಿಯಲ್ಲಿ ಭೂಮಿ ಯಾರ ಕೈ ಸೇರಿತು ಎಂಬುದನ್ನು ಅವರು ಕಂಡಿದ್ದಾರೆ. ಜನಾಂಗೀಯ ತಿರಸ್ಕಾರದಿಂದ ಹುಟ್ಟಿದ ತೀರ್ಪನ್ನು ಗುರಾಣಿಯಾಗಿ ಹಿಡಿದಿರುವ ಜನರಿಗೆ, ಅದನ್ನು ಎಸೆಯಿರಿ ಎಂದು ದೂರದಿಂದ ಹೇಳುವುದು ಸುಲಭವಲ್ಲ.

ಹೀಗಿರುವಾಗ ಗ್ರೀನ್‌ಲ್ಯಾಂಡ್ ಬೇಕು ಎಂಬ ಟ್ರಂಪ್ ಹಟವನ್ನು ಬರೀ ನಗೆಚಟಾಕಿಯಾಗಿ ನೋಡಲಾಗದು. ಡೆನ್ಮಾರ್ಕಿನಿಂದ ಅಮೆರಿಕ ದ್ವೀಪಗಳನ್ನು ಕೊಂಡ ಇತಿಹಾಸವಿದೆ: 1917ರಲ್ಲಿ 2.5 ಕೋಟಿ ಡಾಲರಿಗೆ ವರ್ಜಿನ್ ದ್ವೀಪಗಳು. ಆ ವ್ಯವಹಾರದ ಭಾಗವಾಗಿಯೇ, ಇಡೀ ಗ್ರೀನ್‌ಲ್ಯಾಂಡ್ ಮೇಲೆ ಡೆನ್ಮಾರ್ಕ್ ತನ್ನ ಹಿತಾಸಕ್ತಿ ವಿಸ್ತರಿಸಿದರೆ ತನ್ನ ಆಕ್ಷೇಪವಿಲ್ಲ ಎಂದು ಅಮೆರಿಕ ಬರೆದುಕೊಟ್ಟಿತ್ತು. ಈಗಿನ ಚರ್ಚೆಯಲ್ಲಿ ಖನಿಜ, ಕ್ಷಿಪಣಿ, ಹಡಗಿನ ಹಾದಿ ಎಲ್ಲವೂ ಬರುತ್ತವೆ. ಅಲ್ಲಿರುವ ಸುಮಾರು 56,000 ಜನರು, ಬಹುಪಾಲು ಇನ್ಯುಯಿಟ್ ಮೂಲನಿವಾಸಿಗಳು, ಅಮೆರಿಕದ ಪ್ರಜೆಗಳಾಗುತ್ತಾರೋ, ಮತ ಹಾಕುತ್ತಾರೋ, ಅಲ್ಲಿ ಹುಟ್ಟುವ ಮಗು ಯಾರದು ಎಂಬ ಪ್ರಶ್ನೆ ವಾಷಿಂಗ್ಟನ್ನಿನ ಭಾಷಣಗಳಲ್ಲಿ ಕೇಳಿಬರುವುದೇ ಅಪರೂಪ. ಕೇಳಬೇಕಾದ ಅಗತ್ಯವೂ ಅವರಿಗಿಲ್ಲ. 1901ರ ಕಿತ್ತಳೆ ತೀರ್ಪು ಇನ್ನೂ ರದ್ದಾಗಿಲ್ಲ. ಅದರ ಪ್ರಕಾರ ಉತ್ತರ ಕಾಂಗ್ರೆಸ್ಸಿನ ಮರ್ಜಿ.